ದುಬೈಯದಾ, ಸೌದಿಯದಾ?

ಗಿರಾಕಿ ತಂದ ಸಾಮಾನನ್ನು ಮೇಜಿನ ಮೇಲೆ ಇಟ್ಟ ಕೂಡಲೇ, ಏನಾಗಿದೆ ಅಂತ ನಮ್ಮ ಉಸ್ತಾದರು ಕೇಳುತ್ತಿರಲಿಲ್ಲ. ‘ದುಬೈಯದಾ, ಸೌದಿಯದಾ?’ ಅನ್ನುವರು. ದುಬೈಯದು ಅಂದರೆ ಸುಮ್ಮನೆ ಒಂದು ಬದಿಗೆ ಸರಿಸಿಡುವರು. ಸೌದಿಯದು ಅಂದರೆ ಮಾತ್ರ ಎತ್ತಿ, ಗಾಳಿಯಾಡುವ ಕಿಂಡಿಗೆ ಮೂಗು ಹಚ್ಚಿ, ಬೆಕ್ಕು ಮೀನುಬುಟ್ಟಿ ಮೂಸಿದ ಹಾಗೆ ಮೂಸುವರು. ಸುಟ್ಟ ವಾರ್ನಿಶಿನ ವಾಸನೆ ಬಂತೋ, ಗಿರಾಕಿಯ ಮುಖ ನೋಡಿ ‘ಸೀದಾ ಹಾಕಿದ್ರಾ?’ ಎಂದು ಕೇಳುವರು. ಆತ ತಲೆ ತಗ್ಗಿಸುವನು.

ವಿಷಯ ಇಷ್ಟೇ. ದುಬೈ, ಶಾರ್ಜಾ ಕಡೆಯ ಕರೆಂಟು ನಮ್ಮದರ ಹಾಗೇ 220-240 ವೋಲ್ಟು, 50 ಸೈಕಲ್. ಸೌದಿಯ ಮನೆಗಳಿಗೆ ಆಗ ಬರುತ್ತಿದ್ದದ್ದು 127 ವೋಲ್ಟು, 60 ಸೈಕಲ್. ಜೆಡ್ಡಾದಿಂದ ಹೊತ್ತು ತಂದ ಮಿಕ್ಸಿಯನ್ನು ಭಟ್ಕಳದ ಮನೆಯ ಪ್ಲಗ್ಗಿಗೆ ಚುಚ್ಚಿದರೆ ಒಂದು ‘ಧಪ್’, ಸ್ವಲ್ಪ ಹೊಗೆ, ಅಲ್ಲಿಗೆ ಮುಗಿಯಿತು.

ಇದು 1978ರ ಮಾತು. ಹೊನ್ನಾವರದ ಹತ್ತಿರದ ಹಳ್ಳಿಯಿಂದ ಹದಿನೆಂಟರ ಹುಡುಗ ನಾನು ಭಟ್ಕಳಕ್ಕೆ, ಈ ಉಸ್ತಾದರ ಅಂಗಡಿಗೆ, ರಿಪೇರಿ ಕೆಲಸ ಕಲಿಯಲು ಹೋಗಿದ್ದೆ. ಊರಿನಲ್ಲಿ ಗಲ್ಫಿಗೆ ಹೋದವರಿಲ್ಲದ ನವಾಯತ ಮುಸ್ಲಿಮರ ಮನೆ ಹುಡುಕಬೇಕಿತ್ತು. ವಿಮಾನದಲ್ಲಿ ಬರುವವರು ಶುರುವಾಗಿದ್ದರು, ಆದರೆ ಹಳಬರು ಇನ್ನೂ ಹಡಗಿನ ಮಾತೇ ಆಡುತ್ತಿದ್ದರು. ಬೊಂಬಾಯಿಯಿಂದ ಕರಾಚಿ ಮಾರ್ಗವಾಗಿ ಕೊಲ್ಲಿಯ ಬಂದರುಗಳಿಗೆ ಹೋಗುತ್ತಿದ್ದ ‘ದ್ವಾರ್ಕಾ’ ಎಂಬ ಹಡಗು 1982ರವರೆಗೂ ಓಡಿತು. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿ, ಟ್ರಂಕಿನ ಪಕ್ಕ ಟೇಪ್ ರೆಕಾರ್ಡರನ್ನು ಮಗುವಿನ ಹಾಗೆ ಒತ್ತಿಕೊಂಡು ಬಂದ ಕತೆಗಳನ್ನು ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತೇ ಕೇಳಿದ್ದು. ಆ ಕಾಲದಲ್ಲಿ ಇಂಥ ಸಾಮಾನನ್ನು ಹೊರದೇಶದಿಂದ ತರಿಸಿ ಮಾರುವುದಕ್ಕೆ ಸರಕಾರದ ಅಡ್ಡಿ ಬಹಳ. ಆದ್ದರಿಂದ ಭಟ್ಕಳದ ಪೇಟೆಯ ‘ಫಾರಿನ್’ ಸಾಮಾನಿಗೆ ಘಟ್ಟದ ಮೇಲಿನವರೂ ಇಳಿದು ಬರುತ್ತಿದ್ದರು. ಹಾಗೆ ಕೊಂಡುಹೋದದ್ದು ಕೆಟ್ಟರೆ ಮತ್ತೆ ಭಟ್ಕಳಕ್ಕೇ ಬರಬೇಕು. ಕಂಪನಿಯವರು ಎಲ್ಲೋ ಜಪಾನಿನಲ್ಲಿ, ಗ್ಯಾರಂಟಿ ಕಾರ್ಡು ಅರಬಿಯಲ್ಲಿ.

ಸೌದಿ ಸಾಮಾನಿಗೆ ನಮ್ಮಲ್ಲಿ ಮದ್ದಿತ್ತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ನಾನು ಮೊದಲ ಆರು ತಿಂಗಳು ಮಾಡಿದ್ದು ಅದನ್ನೇ. ಇಂಗ್ಲಿಷಿನ ಇ ಮತ್ತು ಐ ಅಕ್ಷರದ ಆಕಾರದ ತೆಳು ಕಬ್ಬಿಣದ ತಗಡುಗಳು; ಅವಕ್ಕೆ ಸ್ಟ್ಯಾಂಪಿಂಗ್ ಎನ್ನುತ್ತೇವೆ. ನಡುವೆ ಬಾಬಿನ್ನು. ಅದರ ಮೇಲೆ ತಾಮ್ರದ ತಂತಿಯನ್ನು ಸುತ್ತು ಎಣಿಸುತ್ತ ಸುತ್ತಬೇಕು, ಪದರ ಪದರಕ್ಕೂ ಕಾಗದ ಕೊಡಬೇಕು. ನೂರಾ ಎಂಬತ್ತನೆಯ ಸುತ್ತಿನಲ್ಲಿ ಯಾರಾದರೂ ‘ಟೈಮೆಷ್ಟು?’ ಅಂದರೆ ಎಣಿಕೆ ಹೋಯಿತು, ಬಿಚ್ಚಿ ಮತ್ತೆ ಒಂದರಿಂದ. ಸುತ್ತಿದ ಮೇಲೆ ವಾರ್ನಿಶಿನಲ್ಲಿ ಅದ್ದಿ, ಬಿಸಿಲಿದ್ದರೆ ಬಿಸಿಲಿಗೆ, ಮಳೆಗಾಲವಾದರೆ ಬಲ್ಬಿನ ಪೆಟ್ಟಿಗೆಯಲ್ಲಿ ಒಣಗಿಸಬೇಕು. ಹಾಗೆ ಮಾಡಿದ ಪೆಟ್ಟಿಗೆ ಭಟ್ಕಳದ ಎಷ್ಟೋ ಅಡುಗೆಮನೆಗಳ ಮೂಲೆಯಲ್ಲಿ ಕೂತು ದಿನವಿಡೀ ಗುಂಯ್ ಎನ್ನುತ್ತಿತ್ತು.

ವೋಲ್ಟು ಇಳಿಸಬಹುದು, ಸೈಕಲ್ ಬದಲಿಸುವುದು ಆ ಪೆಟ್ಟಿಗೆಯಿಂದ ಆಗದು. ಇದು ನನಗೆ ಗೊತ್ತಾದದ್ದು ಒಂದು ಗಡಿಯಾರದ ರೇಡಿಯೋದಿಂದ. ಕೆಂಪು ಅಂಕಿ ಹೊಳೆಯುವ, ಅಲಾರಾಂ ಇಟ್ಟರೆ ಕೂಗುವ ಜಾತಿಯದು. 1980ರ ರಂಜಾನ್ ಮಳೆಗಾಲದಲ್ಲಿ ಬಂದಿತ್ತು. ಒಂದು ಸಂಜೆ ಹುಡುಗನೊಬ್ಬ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು, ‘ನಮ್ಮ ಅಜ್ಜಿಗೆ ಸಹರಿ ತಪ್ತಾ ಉಂಟು, ಇದು ಸುಳ್ಳು ಹೇಳ್ತದೆ’ ಎಂದ. ಬೆಳಗಿನ ಬಾಂಗಿಗೆ ಮೊದಲು ಉಣ್ಣುವ ಸಹರಿಗೆಂದು ಅಜ್ಜಿ ರಾತ್ರಿ ಹತ್ತಕ್ಕೆ ಸಮಯ ಸರಿಮಾಡಿ ನಾಲ್ಕಕ್ಕೆ ಅಲಾರಾಂ ಇಟ್ಟು ಮಲಗಿದ್ದಾರೆ. ಅದು ಕೂಗುವಾಗ ಬಾಂಗು ಆಗಿ ಹೋಗಿತ್ತಂತೆ. ಉಸ್ತಾದರು ಬೆರಳು ಮಡಚಿ ಲೆಕ್ಕ ಹಾಕಿ, ‘ಐದೂ ಹನ್ನೆರಡಕ್ಕೆ ಕೂಗಿತಾ?’ ಅಂದರು. ಹುಡುಗ ಬಾಯಿ ಬಿಟ್ಟ. ಗಡಿಯಾರ ಕರೆಂಟಿನ ಸೈಕಲ್ ಎಣಿಸಿ ಓಡುವಂಥದ್ದು, ಸೆಕೆಂಡಿಗೆ ಅರವತ್ತು ಬಂದಾವೆಂದು ನಂಬಿತ್ತು, ಇಲ್ಲಿ ಐವತ್ತೇ. ಗಂಟೆಗೆ ಹತ್ತು ನಿಮಿಷ ಹಿಂದೆ.

ಅಡಿಯ ನಾಲ್ಕು ಸ್ಕ್ರೂ ಬಿಚ್ಚಿದೆವು. ಒಳಗಿನ ಹಸಿರು ಬೋರ್ಡಿನ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಎರಡು ತವರದ ಚುಕ್ಕಿ, ಪಕ್ಕದಲ್ಲಿ ಸಣ್ಣಗೆ 50, 60 ಎಂದು ಅಚ್ಚು. ಉಸ್ತಾದರು ಬೆಸುಗೆ ಕಡ್ಡಿಯ ತುದಿಯಿಂದ ಒಂದು ಹನಿ ಸೀಸ ತೆಗೆದು ಇನ್ನೊಂದು ಕಡೆ ಬಿಟ್ಟರು. ಅಷ್ಟೇ. ಜಪಾನಿನ ಆ ಇಂಜಿನಿಯರನಿಗೆ ಭಟ್ಕಳ ಗೊತ್ತಿರಲಿಕ್ಕಿಲ್ಲ, ಅಜ್ಜಿಯ ಸಹರಿ ಮೊದಲೇ ಗೊತ್ತಿಲ್ಲ. ಆದರೂ ಬೇರೆ ಊರಿನಲ್ಲಿ ಯಾರೋ ಒಬ್ಬ ಇದನ್ನು ಬಿಚ್ಚುತ್ತಾನೆ ಎಂಬ ಅಂದಾಜು ಅವನಿಗಿತ್ತು. ಬಿಚ್ಚುವವನಿಗಾಗಿ ಅಂಕಿ ಕೂಡ ಬರೆದಿಟ್ಟಿದ್ದ.

ಈಗಿನ ಸಾಮಾನು ಬಾಳಿಕೆ ಬರುವುದಿಲ್ಲ ಎಂದು ನನ್ನ ಅಂಗಡಿಗೆ ಬಂದವರೆಲ್ಲ ಹೇಳುತ್ತಾರೆ. ನಾನೂ ಹೂಂಗುಡುತ್ತೇನೆ, ಗಿರಾಕಿಯ ಎದುರು ವಾದ ಯಾಕೆ. ಆದರೆ ಹಳೆಯ ಸಾಮಾನು ಕೆಡುತ್ತಲೇ ಇರಲಿಲ್ಲ ಎನ್ನುವುದು ಸುಳ್ಳು. ಕೆಡದೇ ಇದ್ದಿದ್ದರೆ ನಾನು ಮೂರು ಮಕ್ಕಳನ್ನು ಓದಿಸಿದ್ದು ಹೇಗೆ? ಕರೆಂಟು ಬರುವ ಮೊದಲೂ ಹಾಗೇ. ನಮ್ಮಮ್ಮನ ಒರಳುಕಲ್ಲು ಕೂಡ ಸವೆದು ನುಣ್ಣಗಾಗಿ, ತೆಂಗಿನಕಾಯಿ ಅರೆಯದೆ ಬರೀ ಉರುಳಾಡಿಸುತ್ತಿತ್ತು. ಆಗ ಉಳಿ ಸುತ್ತಿಗೆ ಹಿಡಿದು ಕಲ್ಲಿಗೆ ಮುಳ್ಳು ಹಾಕುವವರು ಊರೂರು ತಿರುಗಿ ಬರುತ್ತಿದ್ದರು, ಅಂಗಳದಲ್ಲಿ ಅರ್ಧ ದಿನ ಟಕಟಕ. ಹಿತ್ತಾಳೆ ತಾಮ್ರದ ಪಾತ್ರೆಗಳ ಕಲಾಯಿ ಹೋದರೆ ಕಲಾಯಿಯವನು ಬಂದು ನೆಲದಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ನವಸಾಗರ ಎರಚಿ, ತವರವನ್ನು ಹತ್ತಿಯಿಂದ ಒಂದೇ ಬೀಸಿಗೆ ಸವರುವನು. ಕಪ್ಪು ಪಾತ್ರೆಯೊಳಗೆ ಬೆಳ್ಳಿ ಹರಿದ ಹಾಗೆ ಆಗುತ್ತಿತ್ತು. ಹಂಡೆ ಮೂರು ತಲೆಮಾರು ಬಂತು ಎನ್ನುತ್ತೇವಲ್ಲ, ಆ ಮೂರು ತಲೆಮಾರಿನಲ್ಲಿ ಎಷ್ಟು ಸಲ ಕಲಾಯಿ, ಎಷ್ಟು ಸಲ ಬೆಸುಗೆ ಎಂದು ಯಾರೂ ಲೆಕ್ಕ ಇಡಲಿಲ್ಲ.

ಮಿಕ್ಸಿಯ ಕತೆಯೇ ಕೆಟ್ಟ ಸಾಮಾನಿನಿಂದ ಶುರುವಾದದ್ದು. ಬೊಂಬಾಯಿಯ ಎಸ್.ಪಿ. ಮಾಥುರ್ ಎಂಬ ಇಂಜಿನಿಯರರ ಮನೆಯಲ್ಲಿ ಜರ್ಮನಿಯ ಮಿಕ್ಸಿಯೊಂದಿತ್ತು. ಹಾಲು ಹಣ್ಣು ಕಲಸುವುದಕ್ಕೆ ಮಾಡಿದ ಯಂತ್ರ, ನಮ್ಮ ಮಸಾಲೆಗೆ ಸುಟ್ಟುಹೋಯಿತು. ಹೆಂಡತಿಗಾಗಿ ಅವರು ಗಟ್ಟಿ ಮೋಟಾರಿನದೊಂದನ್ನು ಮಾಡಲು ಕೂತರು. 1960ರ ದಶಕದಲ್ಲಿ ಅದು ‘ಸುಮೀತ್’ ಆಗಿ ಪೇಟೆಗೆ ಬಂತು. ಹಸಿ ಕಾಯಿ, ಒಣಮೆಣಸು, ನೆನೆಸಿದ ಅಕ್ಕಿ ಮೂರನ್ನೂ ಒಟ್ಟಿಗೆ ಅರೆಯುವ ಕರಾವಳಿಯ ಹೆಂಗಸರ ಎದುರು ನಿಂತ ಮಿಕ್ಸಿ ಎಲ್ಲಿಯೂ ನಿಂತೀತು. ನಾನು 1986ರಲ್ಲಿ ಹೊನ್ನಾವರದಲ್ಲಿ ಸ್ವಂತ ಅಂಗಡಿ ಹಾಕುವಾಗ ಮಿಕ್ಸಿ ಮದುವೆಯ ದೊಡ್ಡ ಉಡುಗೊರೆ. ಮೇಲೆ ಕ್ರೋಶಾ ಹೊದಿಕೆ ಹಾಕಿ ಇಡುತ್ತಿದ್ದರು. ಅತ್ತೆ ಇದ್ದ ಮನೆಯಲ್ಲಿ ಚಟ್ನಿಗೆ ಮಾತ್ರ ಅದು, ಪಳದಿಗೆ ಕಲ್ಲೇ.

ಅಂಗಡಿ ಹಾಕಿದ ದಿನದಿಂದ ನಾನು ಒಂದು ಪುಸ್ತಕ ಇಟ್ಟಿದ್ದೇನೆ. ತಾರೀಕು, ಊರು, ಸಾಮಾನು, ಕೆಲಸ. ಈಗ ಹದಿನೇಳು ಪುಸ್ತಕವಾಗಿವೆ, ಮೊದಲಿನ ಎರಡಕ್ಕೆ ಗೆದ್ದಲು ಹಿಡಿದು ಅಂಚು ಹೋಗಿದೆ. ಕರ್ಕಿಯ ಒಂದು ಸೀಲಿಂಗ್ ಫ್ಯಾನನ್ನು ಅದರಲ್ಲಿ ಹಿಂಬಾಲಿಸಬಹುದು. 1989: ‘ಬೇರಿಂಗ್ ಎರಡೂ, ಗ್ರೀಸ್.’ 1997: ‘ಸಿಡಿಲು. ಪೂರಾ ರಿವೈಂಡಿಂಗ್.’ 2008: ‘ಕಂಡೆನ್ಸರ್.’ 2019ರಲ್ಲಿ ಮತ್ತೆ ಬಂದಿತ್ತು, ರಿಪೇರಿಗಲ್ಲ. ಆ ಮನೆಯ ಮೊಮ್ಮಗ ಬಂದು ‘ಇದರಾಗೆ ತಾಮ್ರ ಎಷ್ಟು ಬರ್ತದೆ, ನಾಯ್ಕ್ರೇ?’ ಎಂದು ಕೇಳಿದ. ಆ ಸಾಲಿನಲ್ಲಿ ನಾನು ಕೆಲಸದ ಜಾಗ ಖಾಲಿ ಬಿಟ್ಟಿದ್ದೇನೆ.

ಪುಸ್ತಕ ತಿರುವುತ್ತ ಹೋದರೆ ಊರಿನ ಕರೆಂಟಿನ ಚರಿತ್ರೆಯೂ ಕಾಣುತ್ತದೆ. ಜೋಗದಲ್ಲಿ 1948ರಲ್ಲೇ ವಿದ್ಯುದಾಗಾರ ಶುರುವಾಗಿತ್ತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯೂ ಆಯಿತು. ಆಮೇಲೆ ನಮ್ಮದೇ ತಾಲೂಕಿನ ಗೇರುಸೊಪ್ಪದಲ್ಲೂ 240 ಮೆಗಾವಾಟಿನದು ಬಂತು. ಶರಾವತಿ ನಮ್ಮ ಹೊನ್ನಾವರದಲ್ಲೇ ಸಮುದ್ರ ಸೇರುವ ಹೊಳೆ. ಅದರ ಕರೆಂಟು ಮಾತ್ರ ಎತ್ತರದ ಕಂಬಗಳ ಮೇಲೆ ಘಟ್ಟ ಹತ್ತಿ ಹೋಗುತ್ತಿತ್ತು. ಸಂಜೆ ಏಳರಿಂದ ಒಂಬತ್ತರವರೆಗೆ ನಮ್ಮ ಹಳ್ಳಿಗಳಲ್ಲಿ ಬಲ್ಬು ಕೆಂಪು ದಾಸವಾಳದ ಹಾಗೆ. 90ರ ದಶಕದ ಪುಟಗಳ ತುಂಬ ‘ಲೋ ವೋಲ್ಟೇಜ್, ಕಂಪ್ರೆಸರ್ ಹೋಗಿದೆ’ ಎಂಬ ಸಾಲುಗಳೇ.

ಅದೇ ದಶಕದ ಕೊನೆಗೆ ಬೇರೊಂದು ಶಬ್ದ ಪುಸ್ತಕದಲ್ಲಿ ಕಾಣಿಸಿಕೊಂಡಿತು: ‘ಬಿಳಿ.’ ಇದು ನನ್ನ ಗುಟ್ಟಿನ ಗುರುತು. ಹೊಲನಗದ್ದೆಯಿಂದ ಬಂದ ಒಂದು ಹೊಸ ಮಿಕ್ಸಿ, ಕೊಂಡು ವರ್ಷ ತುಂಬಿರಲಿಲ್ಲ. ಬಿಚ್ಚಿ ನೋಡಿದರೆ ತಂತಿ ಕೆಂಪಗೆ, ಚೆಂದಾಗಿ ಮಿರುಗುತ್ತಿತ್ತು. ಆದರೆ ಕೈಗೆ ಎತ್ತಿದಾಗ ಏನೋ ಹಗುರ. ಬ್ಲೇಡಿನಿಂದ ತುದಿ ಕೆರೆದೆ. ಕೆಂಪು ಬಣ್ಣದ ಎನಾಮಲ್ ಸುಲಿದು ಅಡಿಯಲ್ಲಿ ಬಿಳಿ ಲೋಹ. ಅಲ್ಯೂಮಿನಿಯಂ. ಅದು ಕಳ್ಳ ಲೋಹವೇನೂ ಅಲ್ಲ, ಲೈನಿನ ಕಂಬಗಳ ಮೇಲೆ ಅದೇ ಇರುವುದು. ಆದರೆ ತಾಮ್ರದ ಶೇಕಡ 60ರಷ್ಟೇ ಕರೆಂಟು ಸಾಗಿಸುವ ಗುಣ ಅದಕ್ಕೆ. ಅದೇ ಕೆಲಸಕ್ಕೆ ದಪ್ಪ ತಂತಿ ಬೇಕು, ದಪ್ಪ ತಂತಿಗೆ ದೊಡ್ಡ ಮೋಟಾರು ಬೇಕು. ಮೋಟಾರು ದೊಡ್ಡದಾಗಲಿಲ್ಲ. ಮೇಲಾಗಿ ಅಲ್ಯೂಮಿನಿಯಂ ತಾಮ್ರದ ತುದಿಗೆ ಸೇರುವ ಜಾಗಕ್ಕೆ ನಮ್ಮ ಸಮುದ್ರದ ಗಾಳಿ ಸೋಕಿದರೆ ಬಿಳಿ ಹಿಟ್ಟು ಹಿಡಿಯುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಉಳಿದ ದಿನ ಉಪ್ಪು. ಘಟ್ಟದ ಮೇಲೆ ಐದು ವರ್ಷ ಬರುವ ಸಂದು ಕಾಸರಕೋಡ ಟೊಂಕದ ಮನೆಯಲ್ಲಿ ಎರಡು ವರ್ಷಕ್ಕೆ ಬಿಡುತ್ತದೆ.

ಈ ಬಿಳಿಯ ಮಾತನ್ನು ಒಮ್ಮೆ ಕುಮಟೆಯ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರಿಗೆ ಹೇಳಿದೆ. ರೇಡಿಯೋ ರಿಪೇರಿಗೆ ಬಂದು ಕೂತವರು. ಅವರು ನಕ್ಕು, ‘ಇದು ನಮ್ಮೂರಿಗೆ ಹೊಸತಲ್ಲ ಮಾರಾಯಾ’ ಅಂದರು. ಕುಮಟಾ ಹತ್ತಿ ಎಂದು ಒಂದು ಕಾಲದಲ್ಲಿ ಬೊಂಬಾಯಿ, ಲಿವರ್‌ಪೂಲಿನವರೆಗೆ ಹೆಸರಿತ್ತಂತೆ. ಕುಮಟೆಯಲ್ಲಿ ಹತ್ತಿಯ ಒಂದು ಗಿಡ ಇಲ್ಲ! ಧಾರವಾಡ, ಹುಬ್ಬಳ್ಳಿ ಸೀಮೆಯ ಕಪ್ಪು ಮಣ್ಣಿನ ಹತ್ತಿ ಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟೆಯ ಬಂದರಿನಲ್ಲಿ ಹಡಗು ಏರುತ್ತಿತ್ತು. ಏರಿದ ಊರಿನ ಹೆಸರೇ ಅಂಟಿಕೊಂಡಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಕೇಳಿದಷ್ಟು ಬೆಲೆ. ಆಗ ಹತ್ತಿಯೊಳಗೆ ಬೀಜ ಬಂತು, ಕಸ ಬಂತು, ತೂಕಕ್ಕೆಂದು ನೀರೂ ಬಂತು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಸೇರಿತಷ್ಟೆ. ಮರುವರ್ಷ 1863ರಲ್ಲಿ ಬೊಂಬಾಯಿ ಸರಕಾರ ಹತ್ತಿಯ ಕಲಬೆರಕೆ ತಡೆಯಲು ಕಾಯಿದೆಯನ್ನೇ ತಂದು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಕೊನೆಗೆ ಮರ್ಮಗೋವೆಗೆ ರೈಲು ಆದ ಮೇಲೆ ಹತ್ತಿ ಆ ದಾರಿ ಹಿಡಿಯಿತು, ಕುಮಟೆಯ ಬಂದರು ಮಲಗಿತು.

ಮೇಷ್ಟ್ರು ಹೋದ ಮೇಲೂ ನನಗೆ ಅದೇ ಯೋಚನೆ. ಬೇಡಿಕೆ ಏರಿದಾಗ ಸರಕು ಇಳಿಯುತ್ತದೆ, ಹೆಸರು ಮಾತ್ರ ಉಳಿಯುತ್ತದೆ. ಈಗ ನನ್ನ ಮೇಜಿಗೆ ಬರುವ ನಾಲ್ಕು ಹೆಸರಿನ ಮಿಕ್ಸಿಗಳ ಹೊಟ್ಟೆ ಬಿಚ್ಚಿದರೆ ಒಂದೇ ಮೋಟಾರು, ಒಂದೇ ಅಚ್ಚಿನ ಕಪ್ಲರ್. ಎಲ್ಲಿ ಹುಟ್ಟಿತೋ, ಯಾವ ಬಂದರಿನಲ್ಲಿ ಏರಿತೋ. ನಮ್ಮ ಸರಕಾರವೂ ಚೀಟಿ ಅಂಟಿಸುತ್ತದೆ: 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಕಡ್ಡಾಯ. ಒಳ್ಳೆಯದೇ. ಆದರೆ ಆ ನಕ್ಷತ್ರ ಹೇಳುವುದು ಕರೆಂಟು ಎಷ್ಟು ತಿನ್ನುತ್ತದೆ ಎಂಬುದನ್ನು, ಎಷ್ಟು ವರ್ಷ ಬದುಕುತ್ತದೆ ಎಂಬುದನ್ನಲ್ಲ.

ಅನ್ಯಾಯ ಮಾತಾಡಬಾರದು. ಕರ್ಕಿಯ ಆ ಹಳೇ ಫ್ಯಾನು 75 ವಾಟು ನುಂಗುತ್ತಿತ್ತು, ಈಗಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸಿನಲ್ಲಿ ಅದೇ ಗಾಳಿ ಕೊಡುತ್ತದೆ. ಇದು ಸಣ್ಣ ಬುದ್ಧಿಯ ಕೆಲಸವಲ್ಲ. ನನ್ನ ಸಂಕಟ ಬೇರೆ. ಅದರೊಳಗಿನ ಬೋರ್ಡಿನ ಮೇಲೆ ಕರಿ ಅಂಟು ಸುರಿದಿರುತ್ತಾರೆ. ತೇವಕ್ಕೆ ರಕ್ಷಣೆ, ಸರಿ, ನಮ್ಮ ಊರಿಗೆ ಬೇಕೇ ಬೇಕು. ಆದರೆ ಸಿಡಿಲಿನ ಮಳೆಗೆ ಐದು ರೂಪಾಯಿಯ ಒಂದು ಬಿಡಿಭಾಗ ಹೋದರೆ ಆ ಅಂಟಿನ ಅಡಿಯಿಂದ ಅದನ್ನು ತೆಗೆಯುವುದು ಯಾರು? ಇಸ್ತ್ರಿಪೆಟ್ಟಿಗೆಯಲ್ಲಿ ಮೊದಲು ಅಭ್ರಕದ ಹಾಳೆಗೆ ಸುತ್ತಿದ ಎಲಿಮೆಂಟು ಇರುತ್ತಿತ್ತು, ಸುಟ್ಟರೆ ಎರಡು ನಟ್ಟು ಬಿಚ್ಚಿ ಬೇರೆ ಹಾಕಿ ಹತ್ತು ನಿಮಿಷದಲ್ಲಿ ಕೊಡುತ್ತಿದ್ದೆ. ಈಗ ಎಲಿಮೆಂಟನ್ನು ಅಡಿಯ ಲೋಹದೊಳಗೇ ಎರಕ ಹೊಯ್ದಿರುತ್ತಾರೆ. ಫ್ರಿಜ್ಜಿನ ಹಿಂದೆ ಕರಿ ಕಂಬಿಗಳ ಜಾಲರಿ ಇತ್ತು, ತುಕ್ಕು ಹಿಡಿದು ತೂತಾದರೆ ಜಾಲರಿಯನ್ನೇ ಬದಲಿಸಿ ಗ್ಯಾಸು ತುಂಬಿದರೆ ಇನ್ನೈದು ವರ್ಷ. ಜೇಡ ಬಲೆ ಕಟ್ಟುತ್ತದೆ, ಚೆಂದ ಕಾಣುವುದಿಲ್ಲ ಎಂದು ಆ ಕೊಳವೆಯನ್ನು ಈಗ ಗೋಡೆಯೊಳಗೆ, ಫೋಮಿನ ನಡುವೆ ಹುಗಿದಿದ್ದಾರೆ. ಒಳಗೆ ಸೋರಿದರೆ ಫ್ರಿಜ್ಜೇ ಅಕ್ಕಿ ಡಬ್ಬ. ಮಂಕಿಯ ಒಂದು ಮನೆಯಲ್ಲಿ ನಿಜಕ್ಕೂ ಅದರಲ್ಲಿ ಕುಚಲಕ್ಕಿ ತುಂಬಿಟ್ಟಿದ್ದಾರೆ, ಇಲಿ ಬರುವುದಿಲ್ಲವಂತೆ.

ನಾನು ಲೆಕ್ಕ ಹಾಕಿದ ಪ್ರಕಾರ ಬಾಳಿಕೆ ಎನ್ನುವುದು ಅರ್ಧ ಕಾರ್ಖಾನೆಯಲ್ಲಿ ಆಗುತ್ತಿತ್ತು, ಅರ್ಧ ನಮ್ಮಂಥವರ ಮೇಜಿನ ಮೇಲೆ. ಎರಡನೆಯ ಅರ್ಧಕ್ಕೆ ಬಾಗಿಲು ಹಾಕಿದರು. ಸ್ಕ್ರೂ ಇದ್ದಲ್ಲಿ ಪ್ಲಾಸ್ಟಿಕ್ ಕೊಂಡಿ ಬಂತು, ಒಮ್ಮೆ ಬಿಚ್ಚಿದರೆ ಮುರಿಯುವಂಥದ್ದು. ಬಿಡಿಭಾಗ ಕೇಳಿದರೆ ‘ಪೂರಾ ಸೆಟ್ಟೇ ಬರ್ತದೆ’ ಎನ್ನುತ್ತಾರೆ. 2001ರ ಏಪ್ರಿಲ್ ಒಂದರಿಂದ ಹೊರದೇಶದ ಸಾಮಾನಿನ ಆಮದಿಗಿದ್ದ ಕೊನೆಯ ಕಟ್ಟುಗಳೂ ಹೋದವು. ಭಟ್ಕಳದಲ್ಲಿ ಸಿಗುವುದೆಲ್ಲ ಹುಬ್ಬಳ್ಳಿಯಲ್ಲೂ ಸಿಗತೊಡಗಿತು, ಅದಕ್ಕಿಂತ ಅಗ್ಗಕ್ಕೆ. ‘ಫಾರಿನ್’ ಎಂಬ ಮಾತಿನ ಗತ್ತು ಇಳಿಯಿತು. ಸಾಮಾನು ಅಗ್ಗವಾದ ಹಾಗೆ ನನ್ನ ಕೂಲಿ ತುಟ್ಟಿಯಾಗಿ ಕಾಣತೊಡಗಿತು, ನಾನು ಏರಿಸದಿದ್ದರೂ.

ಇದರಲ್ಲಿ ಗಿರಾಕಿಯ ಪಾಲಿಲ್ಲವೆ? ಕಳೆದ ಮಳೆಗಾಲ ಧಾರೇಶ್ವರದ ಅಕ್ಕ ಒಬ್ಬರು ಮಿಕ್ಸಿ ತಂದಿದ್ದರು. ಆರ್ಮೇಚರ್ ಸುಟ್ಟಿತ್ತು. ತಾಮ್ರದಲ್ಲಿ ಸುತ್ತಿಕೊಡುತ್ತೇನೆ, ಇಷ್ಟಾಗುತ್ತದೆ ಅಂದೆ.

‘ಅಷ್ಟಕ್ಕೆ ಇನ್ನೊಂಚೂರು ಹಾಕಿದ್ರೆ ಹೊಸದೇ ಬರ್ತದಲ್ಲಾ ನಾಯ್ಕ್ರೇ?’

‘ಬರ್ತದೆ ಅಕ್ಕಾ. ಅದು ಎರಡು ವರ್ಷ. ಇದು ಎಂಟು ವರ್ಷ.’

ಅವರು ಸ್ವಲ್ಪ ಯೋಚಿಸಿ, ‘ಎಂಟು ವರ್ಷ ಇದೇ ಬಣ್ಣ ನೋಡ್ಬೇಕಲ್ಲಾ’ ಎಂದು ನಕ್ಕರು. ನನಗೂ ನಗು ಬಂತು. ಹೊಸದೇ ಕೊಂಡರು. ಹಳೆಯದನ್ನು ಇಲ್ಲೇ ಬಿಟ್ಟುಹೋದರು, ಅದರ ಕಪ್ಲರು ಆಮೇಲೆ ಇನ್ನೊಬ್ಬರ ಮಿಕ್ಸಿಗೆ ಸೇರಿತು.

ಮಗ ಬೆಂಗಳೂರಿನಲ್ಲಿದ್ದಾನೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ರಿಪೇರಿಯ ಹಕ್ಕಿಗೆಂದೇ ಒಂದು ಪೋರ್ಟಲ್ ಮಾಡಿದೆ, ಕಂಪನಿಗಳು ಬಿಚ್ಚುವ ಕ್ರಮ, ಬಿಡಿಭಾಗದ ವಿವರ ಅಲ್ಲಿ ಹಾಕಬೇಕಂತೆ ಎಂದು ಫೋನಿನಲ್ಲಿ ತೋರಿಸಿದ. ನೋಡಿ ಸಂತೋಷವಾಯಿತು. ‘ಹೌದಾ, ಹಾಗಾದ್ರೆ ಊರಿಗೆ ಬಂದು ಕೂತ್ಕೊ’ ಅಂದೆ. ಅವನು ಮಾತು ಬದಲಿಸಿದ.

ಹೋದ ವಾರ ಗುಜರಿಯವನು ಬಂದಿದ್ದ. ತಿಂಗಳಿಗೊಮ್ಮೆ ಬಂದು ಸುಟ್ಟ ಕಾಯಿಲುಗಳನ್ನು ತೂಗಿ ಒಯ್ಯುತ್ತಾನೆ. ಕೆಂಪು ಒಂದು ಚೀಲ, ಬಿಳಿ ಒಂದು ಚೀಲ. ಬಿಳಿ ಚೀಲವೇ ಈಗ ದೊಡ್ಡದು. ಹೋಗುವಾಗ ಅವನ ಕಣ್ಣು ಬಾಗಿಲ ಹತ್ತಿರ ಹೋಯಿತು. ಅಲ್ಲಿ ಉಸ್ತಾದರ ಕೈಯ ಸ್ಟೆಪ್‌ಡೌನ್ ಇದೆ, ಅವರು ತೀರಿಕೊಂಡ ಮೇಲೆ ಮನೆಯವರು ನನಗೆ ಕೊಟ್ಟದ್ದು. ಸೌದಿ ಸಾಮಾನು ಈಗ ಯಾರೂ ತರುವುದಿಲ್ಲ. ಅವನು ಬಗ್ಗಿ ಎರಡೂ ಕೈಯಿಂದ ಎತ್ತಿ ನೋಡಿ, ‘ಪೂರಾ ತಾಮ್ರ ಅಲ್ವಾ? ಒಳ್ಳೇ ರೇಟು ಕೊಡ್ತೆ’ ಅಂದ.

ನಾನು ಅದರ ವಯರನ್ನು ಪ್ಲಗ್ಗಿಗೆ ಹಾಕಿ ಸ್ವಿಚ್ಚು ಒತ್ತಿದೆ. ಗುಂಯ್ ಎಂದಿತು. ಮೀಟರು ಹಿಡಿದೆ, 110. ಗುಜರಿಯವನು ಚೀಲ ಹೆಗಲಿಗೇರಿಸಿದ. ನಾನು ಸ್ವಿಚ್ಚು ಆರಿಸಿ ಪೆಟ್ಟಿಗೆಯನ್ನು ಮತ್ತೆ ಬಾಗಿಲಿಗೆ ಆನಿಸಿಟ್ಟೆ. ಪಡುವಣ ಗಾಳಿ ಶುರುವಾಗಿದೆ, ಪೆಟ್ಟಿಗೆ ಇಲ್ಲದಿದ್ದರೆ ಬಾಗಿಲು ಬಡಿದುಕೊಳ್ಳುತ್ತದೆ.